ಅಂಡಮಾನ್ ಟೂರು, ಅಡುಗೆಯವನು ಮತ್ತು ನನ್ನ ಹೊಟ್ಟೆಕಿಚ್ಚು

೨೦೨೩ರ ಫೆಬ್ರವರಿಯಲ್ಲಿ ನಾನು ಕೊಪ್ಪದ ಒಂದು ಸಣ್ಣ ಟ್ರಾವೆಲ್ಸ್‌ನ ಟೂರ್ ಮ್ಯಾನೇಜರ್ ಆಗಿದ್ದೆ. ಸಣ್ಣದು ಎಂದರೆ ಮಾಲೀಕಳೂ ನಾನೇ, ಫೋನ್ ಎತ್ತುವವಳೂ ನಾನೇ, ಬೆಳಿಗ್ಗೆ ಅಂಗಡಿ ಮುಂದೆ ಕಸ ಗುಡಿಸುವವಳೂ ನಾನೇ. ಟೂರ್ ಮ್ಯಾನೇಜರನ್ನು ಗೈಡ್ ಎಂದು ತಿಳಿಯುವವರೇ ಹೆಚ್ಚು. ಗೈಡ್ ಆಯಾ ಊರಿನಲ್ಲಿ ಸಿಗುತ್ತಾನೆ, ಆ ಊರಿನ ಕಥೆ ಹೇಳಿ ಅಲ್ಲೇ ಉಳಿಯುತ್ತಾನೆ. ಟೂರ್ ಮ್ಯಾನೇಜರ್ ಮನೆ ಬಾಗಿಲಿಂದ ಹೊರಟವರನ್ನು ಮತ್ತೆ ಮನೆ ಬಾಗಿಲಿಗೆ ತಂದು ಬಿಡಬೇಕು. ನಡುವೆ ಯಾರ ಹಲ್ಲುಸೆಟ್ಟು ಕಳೆದರೂ, ಯಾರ ಚಪ್ಪಲಿ ಅಲೆಯಲ್ಲಿ ಕೊಚ್ಚಿಹೋದರೂ ಉತ್ತರ ಹೇಳಬೇಕಾದವಳು ಅವಳೇ.

ಕೊಯ್ಲು ಮುಗಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಇಪ್ಪತ್ತೆರಡು ಜನರನ್ನು ಕಟ್ಟಿಕೊಂಡು ಆರು ದಿನದ ಅಂಡಮಾನ್ ಪ್ರವಾಸಕ್ಕೆ ಹೊರಟಿದ್ದೆ. ಮೊದಲು ಪೋರ್ಟ್ ಬ್ಲೇರ್, ಅಲ್ಲಿಂದ ಫೆರ್ರಿಯಲ್ಲಿ ಹ್ಯಾವ್‌ಲಾಕ್, ಮತ್ತೆ ವಾಪಸ್ಸು. ಆ ದಾರಿ ನನಗೆ ಹೊಸದಲ್ಲ, ಅದು ಆರನೇ ಸಲ. ಈ ತಂಡವನ್ನು ಒಟ್ಟುಮಾಡಿದವರು ಹಿರೇಕೊಡಿಗೆಯ ಶಾರದಮ್ಮ. ವಯಸ್ಸು ಎಪ್ಪತ್ತರ ಹತ್ತಿರ, ಮೂರು ತಾಲೂಕಿನಲ್ಲೂ ನೆಂಟರು. ಅವರು ಹೂಂ ಅಂದರೆ ಬಸ್ಸು ತುಂಬಿದ ಹಾಗೆ, ಊಹೂಂ ಅಂದರೆ ನನ್ನ ಅಂಗಡಿ ಬಾಗಿಲು ಹಾಕಿದ ಹಾಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಆರು ದಿನ ನಾನು ಪಟ್ಟ ಪಾಡೆಲ್ಲ ಇದರ ಮೇಲೇ ನಿಂತಿದೆ.

ನಮ್ಮ ಕಡೆಯ ಟೂರಿನಲ್ಲಿ ಇನ್ನೊಂದು ಪದ್ಧತಿ ಇದೆ. ಜೊತೆಗೆ ಅಡುಗೆಯವನು ಬರಬೇಕು. ಕಾಶಿಯಾಗಲಿ, ಕಾಶ್ಮೀರವಾಗಲಿ, ಸಮುದ್ರದ ನಡುವಿನ ದ್ವೀಪವಾಗಲಿ, ಮಧ್ಯಾಹ್ನ ಒಂದು ಸಾರು, ಒಂದು ಪಲ್ಯ, ಕೊನೆಗೆ ಮಜ್ಜಿಗೆ ಬೇಕೇ ಬೇಕು. ಜಾಹೀರಾತಿನಲ್ಲಿ ಹೋಟೆಲು, ವಿಮಾನ ಎಲ್ಲ ಆಮೇಲೆ. "ನಮ್ಮೂರ ಅಡುಗೆಯವರು ಜೊತೆಗಿರುತ್ತಾರೆ" ಎನ್ನುವ ಸಾಲು ದಪ್ಪ ಅಕ್ಷರದಲ್ಲಿ ಮೊದಲು ಬರಬೇಕು. ಆ ಸಲ ಮನೆಯಿಂದ ತೆಂಗಿನಕಾಯಿ ಹೊತ್ತು ತಂದವರೂ ಇದ್ದರು. ಅಂಡಮಾನಿನ ತುಂಬ ತೆಂಗಿನ ಮರವೇ ಅಂತ ನಾನು ಹೇಳಿದರೆ, "ಅಲ್ಲಿಯ ಕಾಯಿ ಹೆಂಗಿರ್ತದೋ ಯಾರಿಗ್ಗೊತ್ತು" ಅಂದರು.

ನಮ್ಮ ಅಡುಗೆಯವನು ಬೇಗಾರಿನ ಸುಬ್ರಾಯ. ಐವತ್ತು ದಾಟಿದವನು, ಮದುವೆ ಮನೆಗಳಲ್ಲಿ ಹೆಸರು ಮಾಡಿದವನು, ಮಾತು ಕಮ್ಮಿ, ನನ್ನನ್ನು ಕರೆಯುವುದು ಅಕ್ಕಾ ಅಂತ. ಅಂಡಮಾನಿನ ಆರೂ ಟೂರಿಗೆ ನನ್ನ ಜೊತೆ ಬಂದವನು. ಹೋಟೆಲಿನವರ ಹತ್ತಿರ ಮಾತಾಡಿ ಹಿಂದಿನ ಅಡುಗೆ ಕೋಣೆಯನ್ನು ಅವನಿಗೆ ಬಿಡಿಸಿಕೊಡುವುದು ನನ್ನ ಕೆಲಸ. ಉಳಿದದ್ದೆಲ್ಲ ಅವನದು. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಕಾರಣ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಬಂದದ್ದೇ ಅಡುಗೆ ಮನೆಯಿಂದ ತಪ್ಪಿಸಿಕೊಳ್ಳಲು. ಒಗ್ಗರಣೆ ಸಿಡಿಯುವಾಗ ನಕಾಶೆ ನೋಡುತ್ತ ನಿಂತವಳು ನಾನು. ಊರೂರು ಸುತ್ತಿ, ಹಿಂದಿ ಕಲಿತು, ಫೆರ್ರಿಯ ಟೈಮು ಬಾಯಿಪಾಠ ಮಾಡಿ, ಕೊನೆಗೂ ಜನ ನನ್ನ ಮಾತು ಕೇಳುವ ಕೆಲಸ ಹಿಡಿದರೆ, ಅಲ್ಲಿಯೂ ಒಬ್ಬ ಸೌಟು ಹಿಡಿದು ಬಂದು ನನ್ನನ್ನು ಸೋಲಿಸುತ್ತಾನೆ! ನಾನು ಸಾವಿರಾರು ಮೈಲಿ ದೂರ ಕರೆದುಕೊಂಡು ಹೋಗಿ ಸಮುದ್ರ ತೋರಿಸಿದರೆ, ಊರಿಗೆ ಬಂದವರು ಹೇಳುವುದು ಸುಬ್ರಾಯನ ಕೊತ್ತಂಬರಿ ತಂಬುಳಿಯ ವಿಷಯ. "ಟೂರ್ ಹೆಂಗಾಯ್ತು?" "ಊಟ ಭಾರೀ ಚೆನ್ನಾಗಿತ್ತು ಮಾರಾಯ್ತಿ." ಇದೇನು ಉತ್ತರ?

ಹೊಟ್ಟೆಕಿಚ್ಚು ನನಗೊಬ್ಬಳಿಗೇ ಇತ್ತು ಅಂತಲ್ಲ. ಟೂರು ಎಂದರೆ ಅರ್ಧ ಅದೇ. ಪೋರ್ಟ್ ಬ್ಲೇರ್‌ನ ಹೋಟೆಲಿನಲ್ಲಿ ಸಮುದ್ರ ಕಾಣುವ ರೂಮು ನಾಲ್ಕೇ ಇದ್ದವು. ಚೀಟಿ ಎತ್ತಿಸಿ ಹಂಚಿದೆ. ಆದರೂ ಸಮುದ್ರ ಸಿಗದವರು ಸಿಕ್ಕವರ ರೂಮಿಗೆ "ಸುಮ್ನೆ ನೋಡಿ ಹೋಗುವ" ಅಂತ ಬಂದು ಕಿಟಕಿ ಹತ್ತಿರ ಮುಖ ಸಣ್ಣ ಮಾಡಿ ನಿಂತಿದ್ದರು. ಮುತ್ತಿನ ಅಂಗಡಿಯಲ್ಲೂ ಹಾಗೇ. ಮುತ್ತು, ಚಿಪ್ಪಿನ ಸಾಮಾನು ಏನೇ ಕೊಂಡರೂ ಸರ್ಕಾರಿ ಎಂಪೋರಿಯಂನಲ್ಲಿ ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ, ದಡದಲ್ಲಿ ಬಿದ್ದ ಹವಳದ ಚೂರನ್ನು ಮಾತ್ರ ಎತ್ತಿಕೊಳ್ಳಬೇಡಿ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ ಎಂದು ನಾನು ಗಂಟಲು ಹರಿದುಕೊಂಡೆ. ಅವರು ತಲೆಯಾಡಿಸಿದರು. ಆದರೆ ಎಲ್ಲರ ಕಣ್ಣೂ ಶಾರದಮ್ಮ ಆರಿಸಿದ ಎರಡೆಳೆ ಸರದ ಮೇಲಿತ್ತು. ಬಸ್ಸಿಗೆ ವಾಪಸ್ಸು ಬರುವಷ್ಟರಲ್ಲಿ ಅಂಥದೇ ಸರ ಆರು ಕುತ್ತಿಗೆಯಲ್ಲಿತ್ತು. ಶಾರದಮ್ಮ ತಮ್ಮದನ್ನು ಬಿಚ್ಚಿ ಬ್ಯಾಗಿನೊಳಗೆ ಹಾಕಿದರು.

ನನ್ನ ಕಡೆಗೂ ಒಂದಿಷ್ಟು ಜನ ಇದ್ದರು ಅನ್ನಿ. ನರಸಿಂಹರಾಜಪುರದ ಮಂಜಪ್ಪಗೌಡರು ಮತ್ತು ಅವರ ಜೊತೆಯ ನಾಲ್ಕೈದು ಜನ ಮೀನು ತಿನ್ನುವವರು. ಸುಬ್ರಾಯ ಮೀನು ಮುಟ್ಟುವವನಲ್ಲ. ಹಾಗಾಗಿ ಅವರನ್ನು ಒಳ್ಳೆಯ ಮೀನಿನ ಅಂಗಡಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂದಿತ್ತು. ಮೀನು ಬೆಳಗಿನದೋ ಅಂತ ಕೇಳಿ, ಕಿವಿರು ಎತ್ತಿ ನೋಡಿ, ಬಾಳೆಲೆಯಲ್ಲಿ ಸುಟ್ಟು ಕೊಡುವಂತೆ ಹೇಳಿದೆ. ಅವರು ಚಪ್ಪರಿಸಿ ತಿಂದರು. ಇವರಾದರೂ ನನ್ನವರು ಅಂತ ನಾನು ಹಿಗ್ಗಿದೆ. ಹೋಟೆಲಿಗೆ ಬಂದ ಮೇಲೆ ಗೌಡರು ನೇರ ಹಿಂದಿನ ಬಾಗಿಲಿಗೆ ಹೋದರು. "ಸುಬ್ರಾಯಾ, ಒಂದು ಲೋಟ ಸಾರು ಕೊಡು ಮಾರಾಯ. ಇಲ್ದಿದ್ರೆ ಉಂಡಂಗೇ ಆಗಲ್ಲ." ಅವತ್ತು ನಾನು ಊಟ ಮಾಡಲಿಲ್ಲ.

ಮೂರನೇ ದಿನ ಹ್ಯಾವ್‌ಲಾಕಿಗೆ ಫೆರ್ರಿ. ಹತ್ತುವ ಮೊದಲು ಹೊಟ್ಟೆ ತುಂಬ ತಿನ್ನಬೇಡಿ, ನಡುವಿನ ಸೀಟಿನಲ್ಲಿ ಕುಳಿತರೆ ತೂಗಾಟ ಕಮ್ಮಿ, ಒಣಶುಂಠಿ ಬಾಯಲ್ಲಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳಿ ಕೂರಿಸಿದೆ. ಸುಬ್ರಾಯ ಹಿಂದೆ ಪಾತ್ರೆಗಳ ಗೋಣಿಚೀಲಗಳ ಪಕ್ಕ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಶಾರದಮ್ಮ ಎದ್ದು ಅವನ ಹತ್ತಿರ ಹೋದರು. ನಾನು ನೀರಿನ ಬಾಟಲಿ ತರುವ ನೆವದಲ್ಲಿ ಅತ್ತ ಹೋದವಳು ಕಂಬದ ಮರೆಯಲ್ಲಿ ನಿಂತೆ.

"ಮುಂದಿನ ವರ್ಷ ನೀನೇ ಯಾಕೆ ನಮ್ಮನ್ನ ಕರ್ಕಂಡು ಹೋಗಬಾರ್ದು?" ಅಂದರು ಶಾರದಮ್ಮ. "ದಾರಿ ಎಲ್ಲ ನಿಂಗೆ ಗೊತ್ತಲ್ದಾ?"

ಸುಬ್ರಾಯ ಜಾರುತ್ತಿದ್ದ ಗೋಣಿಚೀಲವನ್ನು ಎಳೆದು ನಿಲ್ಲಿಸಿದ. ಆಮೇಲೆ ಅಂದ, "ಮುಂದಿನ ವರ್ಷ ನಾನು ಇವ್ರ ಜೊತೆ ಅಡುಗೆಗೆ ಬರಲ್ಲ ಶಾರದಮ್ಮ. ಅಕ್ಕಂಗೆ ಹೆಂಗೆ ಹೇಳದು ಅಂತ ಗೊತ್ತಾಗ್ತಾ ಇಲ್ಲ."

ಲೆಕ್ಕ ನೇರವಾಗಿತ್ತು. ಅಡುಗೆಯವನು ಹೋದರೆ ಶಾರದಮ್ಮ ಹೋಗುತ್ತಾರೆ, ಶಾರದಮ್ಮ ಹೋದರೆ ಮೂರು ತಾಲೂಕು ಹೋಗುತ್ತದೆ. ನಾನು ಬೆವರು ಸುರಿಸಿ ಕಟ್ಟಿದ ದಾರಿಯಲ್ಲಿ ನಾಳೆ ಅವನು ಬಸ್ಸಿನ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕೂರುತ್ತಾನೆ. ನಾನು ಕೊಪ್ಪದಲ್ಲಿ ಕೂತು ಯಾರಿಗೋ ರೈಲಿನ ಟಿಕೆಟ್ ಮಾಡಿಕೊಡುತ್ತಿರುತ್ತೇನೆ.

ಹ್ಯಾವ್‌ಲಾಕ್ ಸೇರಿದ ಸಂಜೆ ಎಲ್ಲರನ್ನೂ ರಾಧಾನಗರ ಬೀಚಿಗೆ ಕರೆದೊಯ್ದೆ. ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಆದರೆ ಗಡಿಯಾರ ನಮ್ಮದೇ. ಅಲ್ಲಿ ಐದೂವರೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಕಾಫಿ ಕುಡಿದು ಹೊರಡುವ ಎಂದರೆ ಕತ್ತಲೆಯನ್ನೇ ನೋಡಬೇಕಾಗುತ್ತದೆ. ಹಾಗಾಗಿ ಮೂರೂವರೆಗೆಲ್ಲ ಹೊರಡಿಸಿದೆ. ಬಿಳಿ ಮರಳು, ಮೊದಲು ಹಸಿರಾಗಿ ಆಮೇಲೆ ನೀಲಿಯಾಗುವ ನೀರು, ಹಿಂದೆ ಆಕಾಶದೆತ್ತರಕ್ಕೆ ನಿಂತ ಕಾಡು. ನನಗೆ ಆರನೇ ಸಲವೂ ಎದೆ ತುಂಬಿ ಬಂತು. ತಿರುಗಿ ನೋಡಿದರೆ ಮಂಜಪ್ಪಗೌಡರು ಗಡಿಯಾರ ನೋಡುತ್ತಿದ್ದರು. "ಸುಬ್ರಾಯ ಇವತ್ತು ಬಾಳೆಕಾಯಿ ಬೋಂಡ ಅಂತ ಹೇಳಿದಾನೆ. ತಣ್ಣಗಾದ್ರೆ ಚೆನ್ನಾಗಿರಲ್ಲ."

ಸೂರ್ಯ ಪೂರ್ತಿ ಮುಳುಗುವ ಮೊದಲೇ ಅರ್ಧ ಜನ ಬಸ್ಸಿನಲ್ಲಿದ್ದರು. ಬೋಂಡದ ಎದುರು ನನ್ನ ಸಮುದ್ರ ಸೋತಿತು.

ಮರುದಿನ ಒಂಬತ್ತೂವರೆಗೆ ವಾಪಸ್ಸು ಫೆರ್ರಿ. ಬೆಳಗಿನ ಜಾವ ಐದಕ್ಕೆ ಕಾಫಿ ಬರಬೇಕಿತ್ತು. ಐದೂವರೆಯಾದರೂ ಬರಲಿಲ್ಲ. ಅಡುಗೆ ಕೋಣೆಗೆ ಹೋದೆ. ಒಲೆ ತಣ್ಣಗಿತ್ತು. ಪಾತ್ರೆ ತೊಳೆದು ಬೋರಲು ಹಾಕಿತ್ತು. ಸುಬ್ರಾಯ ಇರಲಿಲ್ಲ. ಅವನ ಫೋನು ಕಪಾಟಿನ ಮೇಲೆ ಚಾರ್ಜಿಗೆ ಹಾಕಿದ್ದ ಹಾಗೇ ಇತ್ತು.

ಮೊದಲು ನನಗೆ ಬಂದದ್ದು ಸಂತೋಷ. ನೋಡಿ, ನಿಮ್ಮ ಸುಬ್ರಾಯನ ಬಂಡವಾಳ ಇಷ್ಟೇ ಅಂತ ಎಲ್ಲರನ್ನೂ ಕರೆದು ಹೇಳಬೇಕು ಅನ್ನಿಸಿತು. ಆದರೆ ಕರೆಯುವ ಮೊದಲೇ ಅವರೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರು, ಕಾಫಿ ಇಲ್ಲದ ಮುಖಗಳು.

"ಇವತ್ತೊಂದಿನ ಹೊರಗೆ ತಿನ್ನುವ" ಎಂದೆ.

"ಈ ಹೊತ್ತಲ್ಲಿ ಯಾವ ಹೋಟ್ಲು ತೆಗೆದಿರ್ತದೆ?" ಅಂದರು ಶಾರದಮ್ಮ. "ರವೆ ಇದೆ, ಈರುಳ್ಳಿ ಇದೆ. ಹೆಂಗಸಲ್ದಾ ನೀವು? ಒಂದು ಉಪ್ಪಿಟ್ಟು ಮಾಡಕ್ಕೆ ಎಂತ ಧಾಡಿ?"

ಅವರಲ್ಲೇ ಹನ್ನೆರಡು ಜನ ಹೆಂಗಸರಿದ್ದರು. ಒಬ್ಬರೂ ಕೈ ಹಾಕಲಿಲ್ಲ. ಟೂರಿಗೆ ಬಂದದ್ದೇ ಸೌಟು ಮುಟ್ಟಬಾರದು ಅಂತ, ಅದು ಅವರ ಹಕ್ಕು. ನಾನು ಸೆರಗು ಸಿಕ್ಕಿಸಿ ಒಲೆ ಹಚ್ಚಿದೆ. ರವೆ ಹುರಿಯಬೇಕೆನ್ನುವುದು ನೀರಿಗೆ ಸುರಿದ ಮೇಲೆ ನೆನಪಾಯಿತು. ಗಂಟುಗಂಟಾದ ಆ ಪದಾರ್ಥವನ್ನು ಮುಚ್ಚಿಟ್ಟು, ಸುಬ್ರಾಯನನ್ನು ಹುಡುಕಲು ಹೊರಗೆ ಓಡಿದೆ. ಅಷ್ಟರಲ್ಲಿ ಸಂತೋಷವೆಲ್ಲ ಇಳಿದು ಹೆದರಿಕೆ ಶುರುವಾಗಿತ್ತು. ಗೊತ್ತಿಲ್ಲದ ಊರು, ಸುತ್ತ ನೀರು. ಅವನಿಗೇನಾದರೂ ಆದರೆ ಬೇಗಾರಿನಲ್ಲಿ ನಾಗವೇಣಿಗೆ, ಅವನ ಹೆಂಡತಿಗೆ, ನಾನು ಏನು ಹೇಳಲಿ?

ಗೇಟಿನ ವಾಚ್‌ಮನ್ ಕಾಲಾಪತ್ಥರ್ ಬೀಚಿನ ಕಡೆ ಕೈ ತೋರಿಸಿದ. ಆಟೋ ಹಿಡಿದು ಹೋದೆ. ಸೂರ್ಯ ಆಗಲೇ ಮೇಲೆ ಬಂದಿದ್ದ. ಕಪ್ಪು ಬಂಡೆಗಳ ಆಚೆ, ಪಂಚೆ ಮೇಲೆ ಕಟ್ಟಿಕೊಂಡು, ಮೊಣಕಾಲವರೆಗೆ ನೀರಿನಲ್ಲಿ ಸುಬ್ರಾಯ ನಿಂತಿದ್ದ.

"ಎಂತ ಸುಬ್ರಾಯ ಇದು?" ಅಂತ ದಡದಿಂದಲೇ ಕೂಗಿದೆ. "ಇಪ್ಪತ್ತೆರಡು ಜನ ಕಾಫಿ ಇಲ್ದೆ ಕೂತಿದಾರೆ!"

ಅವನು ತಿರುಗಿದ. ಹೆದರಿದ ಹಾಗೆ ಕಾಣಲಿಲ್ಲ. "ಹತ್ತು ನಿಮಿಷ ಅಂತ ಬಂದೆ ಅಕ್ಕಾ. ಆಮೇಲೆ ಹೋಗಕ್ಕೆ ಮನ್ಸೇ ಬರ್ಲಿಲ್ಲ."

"ನೀನೇನು ಸಮುದ್ರ ನೋಡದವನಾ?"

"ಮಲ್ಪೇದು ನೋಡಿದೀನಿ. ಇಲ್ಲಿದು ಎಲ್ಲಿ ನೋಡದು? ಫೆರ್ರಿಲೂ ಪಾತ್ರೆ ಕಾಯ್ತಾ ಕೂರದು. ಆರು ಸಲ ಬಂದಾಯ್ತು. ನೀವು ಸಂಜೆ ಬಸ್ಸು ಹತ್ತೋ ಹೊತ್ತಿಗೆ ನಾನು ಬೋಂಡದ ಹಿಟ್ಟು ಕಲಸ್ತಿರ್ತೀನಿ. ನೀವೆಲ್ಲ ಬಂದು, ನೀಲಿ ಹಂಗಿತ್ತು, ಮರಳು ಹಿಂಗಿತ್ತು ಅಂತೀರಿ. ನಾನು ಬಡಿಸ್ತಾ ಕೇಳಿಸ್ಕಳ್ತೀನಿ. ಮನೆಗೆ ಹೋದ್ರೆ ನಾಗವೇಣಿ ಕೇಳ್ತಾಳೆ, ಅಂಡಮಾನ್ ಹೆಂಗಿದೆ ಅಂತ. ಎಂತ ಹೇಳದು? ಪಾತ್ರೆ ತೊಳೆಯೋ ತೊಟ್ಟಿ ದೊಡ್ಡದಿದೆ ಅಂತ ಹೇಳದಾ?"

ನಾನು ಬಂಡೆ ದಾಟಿ ನೀರಿನ ಅಂಚಿಗೆ ಬಂದೆ.

"ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರೀತದೆ ಅಕ್ಕಾ" ಅಂದ. "ಸುಳ್ಳು ಎಂತಕೆ ಹೇಳದು? ನೀರಲ್ಲಿ ಕಾಲಿಟ್ಟು, ಛತ್ರಿ ಹಿಡ್ಕಂಡು ನಿಲ್ತೀರಿ, ಅದೇ ಕೆಲ್ಸ ಅಂತೀರಿ. ಎಷ್ಟು ಸಲ ಅನ್ಕಂಡಿದೀನಿ, ಹುಟ್ಟಿದ್ರೆ ಹಿಂಗೆ ಹುಟ್ಟಬೇಕು ಅಂತ."

ಆಗ ನನಗಾದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಅಯ್ಯೋ ಪಾಪ ಅನ್ನಿಸಿದ್ದು ಆಮೇಲೆ. ಮೊದಲು ಆದದ್ದು ಖುಷಿ. ನನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳುವವನು ಒಬ್ಬ ಇದ್ದಾನೆ, ಅದೂ ಈ ಸುಬ್ರಾಯ! ವರ್ಷಗಟ್ಟಲೆ ಎದೆಯಲ್ಲಿ ಕೂತಿದ್ದ ಭಾರ ಅಲ್ಲೇ ಇಳಿಯಿತು. ಚಪ್ಪಲಿ ಬಿಟ್ಟು ನಾನೂ ನೀರಿಗೆ ಇಳಿದೆ. ಮನಸ್ಸು ಹಗುರಾದ ಮೇಲೆ ಧೈರ್ಯವೂ ಬಂತು.

"ಮುಂದಿನ ವರ್ಷ ನೀನೇ ಟೂರು ಕರ್ಕಂಡು ಹೋಗ್ತೀಯಂತೆ? ಶಾರದಮ್ಮಂಗೆ ಹೇಳದು ಕೇಳ್ದೆ."

"ನಾನಾ?" ಸುಬ್ರಾಯ ಗಾಬರಿಯಾದ. "ಅಷ್ಟು ಜನಕ್ಕೆ ರೂಮು ಹಂಚೋ ಹಣೆಬರಹ ನಂಗೆಂತಕೆ? ಆ ಚೀಟಿ ಎತ್ತಿಸಿದ ದಿನ ನಿಮ್ಮ ಅವಸ್ಥೆ ನೋಡಿದೀನಿ. ಅಡುಗೆಗೆ ಬರಲ್ಲ ಅಂದದ್ದು ಹೌದು. ದುಡ್ಡು ಕೊಟ್ಟು ಸೀಟಲ್ಲಿ ಬರ್ತೀನಿ. ನಾಗವೇಣೀನೂ ಕರ್ಕಂಡು, ಎಲ್ಲರ ಹಂಗೆ. ನೀವು ಹೇಳಿದ ಕಡೆ ಇಳಿಯದು, ನೀವು ತೋರಿಸಿದ್ದು ನೋಡದು. ನಿಮಗೆ ಹೇಳಿದ್ರೆ ಅಡುಗೆಗೆ ಯಾರು ಅಂತ ಬೇಜಾರ್ ಮಾಡ್ಕಳ್ತೀರಿ ಅಂತ ಹೇಳಿರ್ಲಿಲ್ಲ."

ಇಬ್ಬರೂ ಆಟೋದಲ್ಲಿ ವಾಪಸ್ಸು ಬಂದೆವು. ನನ್ನ ಉಪ್ಪಿಟ್ಟನ್ನು ಯಾರೂ ಪೂರ್ತಿ ತಿಂದಿರಲಿಲ್ಲ. ಸುಬ್ರಾಯ ಅದನ್ನು ಒಂದು ನೋಟ ನೋಡಿ, ಪಕ್ಕಕ್ಕೆ ಸರಿಸಿ, ಅವಲಕ್ಕಿ ಕಲಸಿ, ಕಾಫಿ ಇಳಿಸಿ, ಫೆರ್ರಿಯ ಹೊತ್ತಿಗೆ ಎಲ್ಲರನ್ನೂ ತಯಾರು ಮಾಡಿದ. ಜೆಟ್ಟಿಯಲ್ಲಿ ಶಾರದಮ್ಮ ನನ್ನ ಪಕ್ಕ ಬಂದು ನಿಂತರು. "ನಿಮ್ಮ ಉಪ್ಪಿಟ್ಟು ತಿಂದ ಮೇಲೆ ಒಂದು ಗೊತ್ತಾಯ್ತು ಮಾಲಿನಿ. ನೀವು ಟೂರ್ ಮಾಡ್ಕಂಡಿರದೇ ವಾಸಿ. ಮುಂದಿನ ವರ್ಷನೂ ನೀವೇ ಕರ್ಕಂಡು ಹೋಗಿ." ನನ್ನ ಜೀವಮಾನದಲ್ಲಿ ನನ್ನ ಅಡುಗೆಯಿಂದ ನನಗೆ ಆದ ಉಪಕಾರ ಅದೊಂದೇ.

೨೦೨೪ರ ಫೆಬ್ರವರಿಯಲ್ಲಿ ಮತ್ತೆ ಅಂಡಮಾನ್. ಸುಬ್ರಾಯ ಬೇರೆ ದ್ವೀಪ ಬೇಡವೆಂದ, ಆರು ಸಲ ಹೋಗಿ ನೋಡದೆ ಬಂದದ್ದನ್ನೇ ನೋಡಬೇಕಂತೆ. ಕಿಟಕಿ ಪಕ್ಕದ ಸೀಟಿನಲ್ಲಿ ನಾಗವೇಣಿ, ಅವಳ ಪಕ್ಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಸುಬ್ರಾಯ. ಚೀಟಿ ಎತ್ತಿದಾಗ ಸಮುದ್ರ ಕಾಣುವ ರೂಮೂ ಅವರಿಗೇ ಬಂತು. ಅಡುಗೆಗೆ ಕೆರೆಕಟ್ಟೆಯ ನಾಗೇಶ ಎಂಬ ಹೊಸಬನನ್ನು ಕರೆದುಕೊಂಡಿದ್ದೆ. ಅವನಿಗೂ ಒಂದು ಸಂಜೆ ಬಿಡುವು ಇರಬೇಕೆಂದು ಕೊನೆಯ ದಿನ ಒಲೆ ಹಚ್ಚುವುದು ಬೇಡ ಅಂತ ಗೊತ್ತುಮಾಡಿದ್ದೆ. ಅವತ್ತು ಎಲ್ಲರಿಗೂ ಹೊರಗೆ ಊಟ, ಯಾರೂ ಗೊಣಗಬಾರದು.

ಎರಡು ದಿನ ಎಲ್ಲ ಸರಿಯಿತ್ತು. ಗಾಜಿನ ತಳದ ದೋಣಿಯಲ್ಲಿ ನಾಗವೇಣಿ ಹವಳ ನೋಡಿ ಗಂಡನ ತೋಳು ಹಿಡಿದು ಅಲ್ಲಾಡಿಸಿದಳು. ನಾನು ಹೇಳಿದ್ದಕ್ಕೆಲ್ಲ ಸುಬ್ರಾಯ ತಲೆಯಾಡಿಸಿದ. ಮೂರನೇ ದಿನ ಹ್ಯಾವ್‌ಲಾಕಿನಲ್ಲಿ ಮಧ್ಯಾಹ್ನ ನಾಗೇಶ ಮಜ್ಜಿಗೆಹುಳಿ ಮಾಡಿದ್ದ. ಮಂಜಪ್ಪಗೌಡರು ಎರಡು ಸಲ ಹಾಕಿಸಿಕೊಂಡರು. ಶಾರದಮ್ಮ ಬೆರಳು ನೆಕ್ಕಿ, "ನೀನು ಬೇಜಾರ್ ಮಾಡ್ಕಬೇಡ ಸುಬ್ರಾಯ, ಇವನ ಕೈಯಲ್ಲೂ ರುಚಿ ಇದೆ" ಅಂದರು. ಸುಬ್ರಾಯ ನಕ್ಕ. ನಕ್ಕವನು ಅರ್ಧ ಊಟಕ್ಕೇ ಎದ್ದ.

ಮೂರೂವರೆಗೆ ರಾಧಾನಗರಕ್ಕೆ ಬಸ್ಸು ತಯಾರಾಯಿತು. ತಲೆ ಎಣಿಸಿದರೆ ಒಬ್ಬ ಕಮ್ಮಿ. ನಾಗವೇಣಿ ಒಬ್ಬಳೇ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಎಲ್ಲಿದ್ದಾನೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಅಡುಗೆ ಕೋಣೆಯ ಬಾಗಿಲಿಗೆ ಆತು ನಿಂತು, ಒಳಗೆ ನಾಗೇಶ ಹಿಟ್ಟು ಕಲಸುವುದನ್ನು ಅವನು ನೋಡುತ್ತಿದ್ದ. ಆ ಮುಖ ನನಗೆ ಗುರುತಿತ್ತು. ಫೆರ್ರಿಯ ಕಂಬದ ಮರೆಯಲ್ಲಿ ನಿಂತಾಗ ನನ್ನದೂ ಹಾಗೇ ಇದ್ದಿರಬೇಕು.

"ಒಗ್ಗರಣೆಗೆ ಮೆಂತೆ ಜಾಸ್ತಿ ಆಗಿತ್ತು ಅಕ್ಕಾ" ಅಂದ ತಗ್ಗಿದ ದನಿಯಲ್ಲಿ. "ಒಬ್ರಿಗೂ ಗೊತ್ತಾಗ್ಲಿಲ್ಲ. ಗೌಡ್ರು ಎರಡು ಸಲ ಹಾಕಿಸ್ಕಂಡ್ರು. ನಂಗೆ ಹೊಟ್ಟೆಯೊಳಗೆ ಹೆಂಗಾಗ್ತಿದೆ ಅಂದ್ರೆ..."

"ನಂಗೆ ಆರು ಟೂರು ಹಂಗೇ ಆಗಿದೆ ಮಾರಾಯ" ಎಂದೆ. "ಅದ್ರಿಂದ ಯಾರೂ ಸಾಯಲ್ಲ. ನಾಗವೇಣಿ ಬಸ್ಸಲ್ಲಿ ಒಬ್ಳೇ ಕೂತಿದಾಳೆ, ನಡಿ."

ಅವನು ಒಂದು ಸಲ ಒಳಗೆ ಇಣುಕಿ ನೋಡಿ, ಪಂಚೆ ಸರಿಮಾಡಿಕೊಂಡು ನನ್ನ ಹಿಂದೆ ಬಂದ. ಇಷ್ಟು ವರ್ಷ ಜನರನ್ನು ಕಟ್ಟಿಕೊಂಡು ತಿರುಗಿ ನಾನು ಕಲಿತದ್ದು ಇಷ್ಟೇ. ಹೊಟ್ಟೆಕಿಚ್ಚನ್ನು ಊರಲ್ಲಿ ಬಿಟ್ಟು ಟೂರಿಗೆ ಬರುವವರು ಯಾರೂ ಇಲ್ಲ. ಬರಲಿ, ಅದಕ್ಕೂ ಒಂದು ಸೀಟು ಕೊಟ್ಟು, ಸೂರ್ಯ ಮುಳುಗುವುದರೊಳಗೆ ಎಲ್ಲರನ್ನೂ ದಡ ಮುಟ್ಟಿಸಿದರೆ ನನ್ನ ಕೆಲಸ ಮುಗಿಯಿತು.